ಮೂರು ಭಾನುವಾರ, ಒಂದು ಹೊಳೆ

"ತಾತ, ನಮ್ಮೂರಲ್ಲಿ ಹೊಳೆ ಇದೆಯಾ?"

ಆರನೇ ಕ್ಲಾಸಿನ ನನ್ನ ಮೊಮ್ಮಗಳು ಹೀಗೆ ಕೇಳಿದ್ದು ಆಗಸ್ಟ್ ತಿಂಗಳ ಒಂದು ಶನಿವಾರ ರಾತ್ರಿ. ಅದಕ್ಕೂ ಸ್ವಲ್ಪ ಮುಂಚೆ ಇಂಗ್ಲೆಂಡಿನಲ್ಲಿರುವ ಮಗಳ ಮನೆಯಿಂದ ವಿಡಿಯೊ ಕಾಲ್ ಬಂದಿತ್ತು. ಅಲ್ಲಿ ಬೇಸಿಗೆ ರಜೆ. ರಜೆ ಬಂತೆಂದರೆ ಅಲ್ಲಿಯವರು ಬುತ್ತಿ ಕಟ್ಟಿಕೊಂಡು ಹಳ್ಳಿಗಾಡಿಗೆ ಹೊರಟುಬಿಡುತ್ತಾರೆ. ರೈತರ ಹೊಲಗದ್ದೆಗಳ ನಡುವೆಯೂ ಎಲ್ಲರೂ ನಡೆಯಬಹುದಾದ ಕಾಲುದಾರಿಗಳಿವೆ. ದಾರಿಯಲ್ಲಿ ಗೇಟು ಬಂದರೆ ತೆಗೆದು ದಾಟಿ, ಮತ್ತೆ ಮುಚ್ಚಿ ಹೋಗಬೇಕು, ಅಷ್ಟೇ.

ಆ ದಿನ ಅವರು ಹೋಗಿದ್ದು ಥೇಮ್ಸ್ ನದಿ ಹುಟ್ಟುವ ಜಾಗಕ್ಕೆ. ಗ್ಲಾಸ್ಟರ್‌ಷೈರ್ ಸೀಮೆಯ ಕೆಂಬಲ್ ಎಂಬ ಊರಿನ ಹತ್ತಿರ, ಹುಲ್ಲುಗಾವಲಿನಲ್ಲಿ, ಒಂದು ಮರದ ಕೆಳಗೆ ಆ ಜಾಗವಿದೆ. "ಅಲ್ಲಿ ಒಂದು ತೊಟ್ಟೂ ನೀರಿರಲಿಲ್ಲ ತಾತ! ಒಂದು ಕಲ್ಲು ನೆಟ್ಟಿದ್ದಾರೆ, ಇಲ್ಲಿ ಥೇಮ್ಸ್ ಹುಟ್ಟುತ್ತೆ ಅಂತ. ಅಷ್ಟೇ! ಆದ್ರೂ ಎಲ್ಲರೂ ಆ ಕಲ್ಲಿನ ಪಕ್ಕ ನಿಂತ್ಕೊಂಡು ಫೋಟೊ ತೆಗೆಸ್ಕೊಂಡ್ರು" ಎಂದು ಅಲ್ಲಿನ ಮೊಮ್ಮಗ ನಗುತ್ತಾ ಹೇಳಿದ. ಬೇಸಿಗೆಯಲ್ಲಿ ಆ ಮೂಲ ಒಣಗುವುದು ಮಾಮೂಲಂತೆ. ಆದರೆ ಅಲ್ಲಿಂದ ಹೊರಟ ನದಿ 346 ಕಿಲೋಮೀಟರ್ ಹರಿದು, ಲಂಡನ್ ನಗರದ ನಡುವೆಯೇ ಸಾಗಿ ಸಮುದ್ರ ಸೇರುತ್ತದೆ.

ಫೋನ್ ಇಟ್ಟ ಮೇಲೆ ಬಂದದ್ದು ಇವಳ ಪ್ರಶ್ನೆ. ನಾನು ಯೋಚನೆಯೇ ಮಾಡದೆ, "ಇಲ್ಲ ಪುಟ್ಟಿ, ನಮ್ಮದು ಕೆರೆ ಸೀಮೆ. ಹೊಳೆ ಎಲ್ಲಿಂದ ಬರಬೇಕು?" ಎಂದುಬಿಟ್ಟೆ. ಅವಳು ಸುಮ್ಮನೆ ಮಲಗಲು ಹೋದಳು.

ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಗುಬ್ಬಿಯ ಕಡೆ ನೆಂಟರ ಮನೆಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದದ್ದು ನೆನಪಿಗೆ ಬಂತು. ದಾರಿಯಲ್ಲೊಂದು ಹೊಳೆ ಅಡ್ಡ ಬರುತ್ತಿತ್ತು. ಅಪ್ಪ ನೊಗ ಇಳಿಸಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದರು. ನಾನು ಮೊಣಕಾಲುದ್ದ ನೀರಿನಲ್ಲಿ ಸಣ್ಣ ಮೀನು ಹಿಡಿಯಲು ಒದ್ದಾಡುತ್ತಿದ್ದೆ. ಆ ಹೊಳೆಯ ಹೆಸರು ಶಿಂಷಾ. ಅದು ಹುಟ್ಟುವುದು ನಮ್ಮ ಶೆಟ್ಟಿಹಳ್ಳಿಯಿಂದ ಹೆಚ್ಚು ದೂರವಿಲ್ಲದ ದೇವರಾಯನದುರ್ಗದ ಬೆಟ್ಟಗಳಲ್ಲಿ. ಇದ್ದ ಹೊಳೆಯನ್ನು ನಾನೇ ಇಲ್ಲವೆಂದು ಹೇಳಿ ಮಗುವನ್ನು ಮಲಗಿಸಿದ್ದೆ!

ಬೆಳಿಗ್ಗೆ ಎದ್ದವನೇ, "ನಿನ್ನೆ ನಾನು ಹೇಳಿದ್ದು ತಪ್ಪು. ನಮಗೂ ಹೊಳೆ ಇದೆ. ಮೂರು ಭಾನುವಾರ ಕೊಡು, ತೋರಿಸ್ತೀನಿ" ಎಂದೆ. ಅವಳ ತಮ್ಮ ಮೂರನೇ ಕ್ಲಾಸು. "ನಾನೂ ಬರ್ತೀನಿ" ಎಂದು ಅಂದೇ ಚೀಲ ಹುಡುಕತೊಡಗಿದ.

ಮೊದಲ ಭಾನುವಾರ: ಹೊಳೆ ಹುಟ್ಟುವ ಬೆಟ್ಟ

ದೇವರಾಯನದುರ್ಗ ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕಾಡಿನ ದಾರಿ ಹಿಡಿದೆವು. ಮನೆಯಾಕೆ ಮಧ್ಯಾಹ್ನಕ್ಕೆಂದು ಪುಳಿಯೋಗರೆ, ಮೊಸರನ್ನ ಕಟ್ಟಿದ್ದಳು.

ಬೆಟ್ಟಕ್ಕೆ ಮುಂಚೆ ಸಿಗುವುದು ನಾಮದ ಚಿಲುಮೆ. ಚಿಲುಮೆ ಎಂದರೆ ನೆಲದಿಂದ ಚಿಮ್ಮುವ ನೀರು, ಒರತೆ. ವನವಾಸದ ಕಾಲದಲ್ಲಿ ರಾಮ ಇಲ್ಲಿ ತಂಗಿದ್ದನಂತೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾದಾಗ ಬಾಣದಿಂದ ಬಂಡೆಯನ್ನು ಸೀಳಿದನಂತೆ. ಆಗ ಚಿಮ್ಮಿದ ನೀರೇ ಇದು ಎಂಬುದು ಹಿರಿಯರ ಕಥೆ. ಬಂಡೆಯಲ್ಲಿನ ಆ ಸಣ್ಣ ಗುಂಡಿಯಲ್ಲಿ ನೀರು ತಣ್ಣಗೆ ಕಾಣುತ್ತಿತ್ತು.

ಮೊಮ್ಮಗ ಬಗ್ಗಿ ನೋಡಿ, "ಕಲ್ಲಿನೊಳಗೆ ನೀರು ಹೇಗೆ ತಾತ?" ಎಂದ.

"ಕಲ್ಲಿಗೂ ಬಿರುಕು ಇರುತ್ತೆ ಮರಿ. ಬೆಟ್ಟದ ಮೇಲೆ ಬಿದ್ದ ಮಳೆ ಎಲೆ, ಮಣ್ಣು, ಬೇರುಗಳ ನಡುವೆ ನಿಧಾನಕ್ಕೆ ಇಂಗಿ ಆ ಬಿರುಕಿಗೆ ಇಳಿಯುತ್ತೆ. ಒಳಗೊಳಗೇ ಹರಿದು ಇಳಿಜಾರಿನಲ್ಲಿ ದಾರಿ ಸಿಕ್ಕ ಕಡೆ ಹೊರಗೆ ಬರುತ್ತೆ. ಮೇಲೆ ಕಾಡು ಇದ್ದರೆ ಕೆಳಗೆ ಚಿಲುಮೆ" ಎಂದೆ. ಪಕ್ಕದಲ್ಲೇ ಜಿಂಕೆವನ. ಚುಕ್ಕೆ ಜಿಂಕೆಗಳನ್ನು ನೋಡಿದ ಮೇಲೆ ಅವನಿಗೆ ನನ್ನ ಪಾಠ ಬೇಕಾಗಲಿಲ್ಲ.

ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡ ಮೇಲೆ ಇದು ದೇವರಾಯನದುರ್ಗವಾಯಿತು. ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹ. ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಎರಡು ಸಲ ದೂರು ಹೇಳಿತು. ಮೊಮ್ಮಗಳು ತನ್ನ ಹೆಗಲು ಕೊಟ್ಟಳು. ಕೋತಿಗಳು ಮಾತ್ರ ಬುತ್ತಿಯ ಚೀಲಕ್ಕೆ ಕಣ್ಣು ಹಾಕಿದ್ದವು. ಈ ಕಲ್ಲುಬೆಟ್ಟಗಳಲ್ಲಿ ಹಳದಿ ಕತ್ತಿನ ಪಿಕಳಾರ ಎಂಬ ಹಕ್ಕಿಯಿದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಅದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಮಗೆ ಅಂದು ಕಾಣಲಿಲ್ಲ. ಗದ್ದಲ ಮಾಡದೆ ಕುಳಿತರೆ ನಿಮಗೆ ಕಂಡೀತು.

ಮೇಲೆ ಹತ್ತಿ ನಿಂತಾಗ ತುಂತುರು ಮಳೆ. ಮೊಮ್ಮಗಳ ಎರಡೂ ಅಂಗೈ ಚಾಚಿಸಿ ಒಂದು ಗುಟ್ಟು ಹೇಳಿದೆ.

ಈ ಒಂದೇ ಬೆಟ್ಟಸಾಲಿನಲ್ಲಿ ಎರಡು ಹೊಳೆ ಹುಟ್ಟುತ್ತವೆ. ಒಂದು ಜಯಮಂಗಲಿ. ಅದು ಉತ್ತರಕ್ಕೆ ಇಳಿದು, ಕೊರಟಗೆರೆ, ಮಧುಗಿರಿ ಸೀಮೆ ದಾಟಿ, ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರಿ, ನೆಲ್ಲೂರಿನ ಹತ್ತಿರ ಸಮುದ್ರಕ್ಕೆ ಹೋಗುತ್ತದೆ. ಕೃಷ್ಣಮೃಗಗಳಿಗೆ ಹೆಸರಾದ ಮೈದನಹಳ್ಳಿಯ ಹುಲ್ಲುಗಾವಲಿಗೆ ಜಯಮಂಗಲಿ ಎಂಬ ಹೆಸರು ಬಂದದ್ದೂ ಈ ಹೊಳೆಯಿಂದಲೇ. ಇನ್ನೊಂದು ನಮ್ಮ ಶಿಂಷಾ. ಅದು ಗುಬ್ಬಿ, ಕುಣಿಗಲ್ ಸೀಮೆಗಳನ್ನು ಹಾದು, ದಕ್ಷಿಣಕ್ಕೆ 221 ಕಿಲೋಮೀಟರ್ ಹರಿದು ಕಾವೇರಿಗೆ ಸೇರುತ್ತದೆ. ಕಾವೇರಿ ತಮಿಳುನಾಡಿನ ಪೂಂಪುಹಾರ್ ಬಳಿ ಸಮುದ್ರ ಸೇರುತ್ತಾಳೆ.

"ಹಾಗಾದ್ರೆ ಈ ಕೈ ಮೇಲೆ ಬಿದ್ದ ಹನಿ ಆಂಧ್ರಕ್ಕೆ, ಈ ಕೈ ಮೇಲಿನದು ತಮಿಳುನಾಡಿಗೆ ಹೋಗಬಹುದಾ?" ಎಂದಳು ಮೊಮ್ಮಗಳು.

"ಹೋಗಬಹುದು. ಪಕ್ಕಪಕ್ಕದಲ್ಲಿ ಬಿದ್ದ ಎರಡು ಹನಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಬೇರೆ ಬೇರೆಯಾಗಿ ಸಮುದ್ರ ಸೇರಬಹುದು" ಎಂದೆ. ಅವಳು ಬಹಳ ಹೊತ್ತು ಕೈ ಒರೆಸಿಕೊಳ್ಳಲಿಲ್ಲ.

ಎರಡನೇ ಭಾನುವಾರ: ಗುಬ್ಬಿ, ಕಡಬ

ತುಮಕೂರಿನಿಂದ ಪಶ್ಚಿಮಕ್ಕೆ ಗುಬ್ಬಿ ಸುಮಾರು 20 ಕಿಲೋಮೀಟರ್. ಬಸ್ಸು, ರೈಲು ಎರಡೂ ಉಂಟು. ಊರಿಗೆ ಈ ಹೆಸರು ಬಂದದ್ದಕ್ಕೆ ಒಂದು ಕಥೆ ಹೇಳುತ್ತಾರೆ. ಇಲ್ಲಿ ದಿನವೂ ಪುರಾಣ ನಡೆಯುತ್ತಿತ್ತಂತೆ. ಜನರ ಜೊತೆ ಎರಡು ಗುಬ್ಬಚ್ಚಿಗಳೂ ಬಂದು ಕುಳಿತು ಕೇಳುತ್ತಿದ್ದವಂತೆ. ಪುರಾಣ ಮುಗಿದ ದಿನ ಅಲ್ಲೇ ಪ್ರಾಣ ಬಿಟ್ಟವಂತೆ. ಮೊಮ್ಮಗನಿಗೆ ಇದು ಸರಿಹೋಗಲಿಲ್ಲ. "ಇನ್ನೊಂದು ಪುರಾಣ ಶುರು ಮಾಡಬೇಕಿತ್ತು" ಎಂದ.

ಗುಬ್ಬಿ ಎಂದರೆ ನನ್ನ ವಯಸ್ಸಿನವರಿಗೆ ನಾಟಕ. ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಚಿಕ್ಕ ಹುಡುಗನಾಗಿ ಅದಕ್ಕೆ ಸೇರಿದ ಗುಬ್ಬಿ ವೀರಣ್ಣನವರು (1891-1972) ಮುಂದೆ ಅದನ್ನು ನಾಡಿಗೆಲ್ಲ ಹೆಸರಾಗುವಂತೆ ಬೆಳೆಸಿದರು. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. "ಆನೆ ಡೈಲಾಗ್ ಮರೆತುಬಿಟ್ರೆ?" ಎಂದು ಮೊಮ್ಮಗ ಕೇಳಿದಾಗ ಚನ್ನಬಸವೇಶ್ವರ ದೇವಸ್ಥಾನದ ಮುಂದೆ ಕುಳಿತಿದ್ದವರೆಲ್ಲ ನಕ್ಕರು. ಡಾ. ರಾಜ್‌ಕುಮಾರ್ ಸಿನಿಮಾಕ್ಕೆ ಬರುವ ಮುಂಚೆ ಇದೇ ಕಂಪನಿಯಲ್ಲಿದ್ದರು.

ಗುಬ್ಬಿಯಿಂದ ಕಡಬಕ್ಕೆ ಹೋದೆವು. ಶಿಂಷಾ ಹೊಳೆಗೆ ಅಡ್ಡಲಾಗಿ ಏರಿ ಕಟ್ಟಿ ಮಾಡಿದ ದೊಡ್ಡ ಕೆರೆ ಅಲ್ಲಿದೆ. ಲಂಕೆಯಿಂದ ಮರಳುವಾಗ ಸೀತೆಯ ಆಸೆಯಂತೆ ರಾಮನೇ ಇದನ್ನು ಕಟ್ಟಿಸಿದನೆಂದು ಹಳೆಯವರು ಹೇಳುತ್ತಾರೆ. ಚಿಲುಮೆಗೂ ರಾಮ, ಕೆರೆಗೂ ರಾಮ! ನೀರು ಸಿಗುವುದು ಕಷ್ಟವಾದ ಸೀಮೆಯಲ್ಲಿ ನೀರು ಕೊಟ್ಟವರನ್ನು ಜನ ದೇವರೆಂದೇ ನೆನೆಯುತ್ತಾರೆ.

ಆದರೆ ನಾನು ತೋರಿಸಬೇಕೆಂದು ಆಸೆಪಟ್ಟಿದ್ದು ಅಪ್ಪ ಎತ್ತಿಗೆ ನೀರು ಕುಡಿಸಿದ ಜಾಗ. ಕೇಳಿಕೊಂಡು ಹೋದೆವು. ಸೇತುವೆಯೊಂದು ಬಂದಿದೆ. ಕೆಳಗೆ ಜೊಂಡು, ಜಾಲಿ, ಅಲ್ಲಲ್ಲಿ ಪ್ಲಾಸ್ಟಿಕ್ ಕವರು. ಒಂದು ಕಡೆ ಮಾತ್ರ ಒಂದು ಚಾಪೆಯಗಲ ನೀರು ನಿಂತಿತ್ತು.

"ಹೊಳೆ ಎಲ್ಲಿ ತಾತ?" ಎಂದಳು ಮೊಮ್ಮಗಳು.

"ಇದೇ ಪುಟ್ಟಿ."

ಅವಳು ನಗಲಿಲ್ಲ. ನಾನೂ ಸಮಾಧಾನದ ಮಾತು ಹುಡುಕಲಿಲ್ಲ. ಇದ್ದದ್ದನ್ನು ಹೇಳಿದೆ. ಶಿಂಷಾ ಮಳೆಯನ್ನೇ ನಂಬಿದ ಹೊಳೆ. ಹಿಮ ಕರಗಿ ಅದಕ್ಕೆ ನೀರು ಬರುವುದಿಲ್ಲ. ಮಳೆ ನಿಂತ ಮೇಲೂ ಅದು ಹರಿಯಬೇಕಾದರೆ ನೆಲದೊಳಗೆ ಇಂಗಿದ ನೀರು ನಿಧಾನಕ್ಕೆ ಹೊರಬರಬೇಕು. ಆ ನೀರನ್ನು ನಾವು ಬೋರ್‌ವೆಲ್ ಕೊರೆದು ಆಳದಿಂದ ಎತ್ತಿದ್ದೇವೆ. ನೀರನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಹೊಳೆಯ ಮರಳನ್ನು ಮನೆ ಕಟ್ಟಲು ಸಾಗಿಸಿದ್ದೇವೆ. ನಮ್ಮ ಮನೆಯ ಗೋಡೆಯಲ್ಲೂ ಯಾವುದೋ ಹೊಳೆಯ ಮರಳಿದೆ.

"ಮತ್ತೆ ನಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತೆ?"

"ಅದು ಹೇಮಾವತಿ ನೀರು. ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟಿನಿಂದ ನಾಲೆಯಲ್ಲಿ ಬಂದು, ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಅಲ್ಲಿಂದ ತುಮಕೂರಿಗೆ ಬರುತ್ತೆ."

"ಅಂದ್ರೆ ನಾವು ಬೇರೆಯವರ ಹೊಳೆ ಕುಡೀತಿದೀವಿ" ಎಂದಳು. ಮನೆ ತಲುಪುವವರೆಗೂ ಆ ಮಾತು ನನ್ನ ಜೊತೆಯಲ್ಲೇ ಬಂತು. ಅಂದು ರಾತ್ರಿ ಹಲ್ಲುಜ್ಜುವಾಗ ಮೊಮ್ಮಗ ಯಾರೂ ಹೇಳದೆ ನಲ್ಲಿ ನಿಲ್ಲಿಸಿದ.

ಮೂರನೇ ಭಾನುವಾರ: ಕೈದಾಳ, ಕುಣಿಗಲ್, ಮಾರ್ಕೋನಹಳ್ಳಿ

ಎರಡನೇ ವಾರ ಸಪ್ಪಗಾಗಿದ್ದ ಮಕ್ಕಳನ್ನು ಮೂರನೇ ವಾರ ಕುಣಿಗಲ್ ರಸ್ತೆಗೆ ಹೊರಡಿಸಿದೆ. ಮೊದಲು ಗೂಳೂರು. ಇಲ್ಲಿ ಪ್ರತಿ ವರ್ಷ ಜೇಡಿಮಣ್ಣಿನಿಂದ ಭಾರಿ ಗಣಪತಿಯನ್ನು ಮಾಡಿ, ಕಾರ್ತಿಕದಲ್ಲಿ ಪೂಜಿಸಿ, ಕೊನೆಗೆ ಊರ ಕೆರೆಯಲ್ಲೇ ಬಿಡುತ್ತಾರೆ.

ಅಲ್ಲಿಂದ ಹತ್ತಿರದಲ್ಲೇ ಕೈದಾಳ. ಇಲ್ಲಿನ ಚನ್ನಕೇಶವ ದೇವಾಲಯ ಹೊಯ್ಸಳರ ಕಾಲದ್ದು. ಒಂದನೇ ನರಸಿಂಹನ ಸಾಮಂತ ಗೂಳೆ ಬಾಚಿ 1150ರ ಸುಮಾರಿಗೆ ಕಟ್ಟಿಸಿದ್ದು. ಆದರೆ ಊರಿನ ಹೆಸರು ಜಕಣಾಚಾರಿಯ ಕಥೆಗೆ ಅಂಟಿಕೊಂಡಿದೆ. ಬೇಲೂರಿನಲ್ಲಿ ಜಕಣಾಚಾರಿ ಕೆತ್ತಿದ ವಿಗ್ರಹದಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದನಂತೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದ ಜಕಣಾಚಾರಿ. ವಿಗ್ರಹಕ್ಕೆ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಒದ್ದೆಯೇ ಉಳಿಯಿತು. ಅಲ್ಲಿ ಉಳಿಯಿಟ್ಟಾಗ ನೀರಿನ ಜೊತೆ ಒಂದು ಕಪ್ಪೆ ಹೊರಗೆ ಹಾರಿತು! ಆ ಹುಡುಗ ಡಂಕಣಾಚಾರಿ, ಅವನ ಮಗನೇ ಎಂದು ಆಮೇಲೆ ತಿಳಿಯಿತು. ತನ್ನ ಊರಿಗೆ ಬಂದು ಕೇಶವನ ಗುಡಿ ಕಟ್ಟಿದ ಜಕಣಾಚಾರಿಗೆ ಕೈ ಮತ್ತೆ ಬಂತಂತೆ. ಹಾಗಾಗಿ ಊರು 'ಕೈದಾಳ'.

"ನಾಮದ ಚಿಲುಮೆ ತರಾನೇ, ಇಲ್ಲೂ ಕಲ್ಲಿನೊಳಗೆ ನೀರು!" ಎಂದ ಮೊಮ್ಮಗ. ಮೊಮ್ಮಗಳಿಗೆ ಬೇರೆಯೇ ಹಿಡಿಸಿತ್ತು. "ದೊಡ್ಡವರು ಹೇಳಿದ್ದು ತಪ್ಪು ಅಂತ ಮಕ್ಕಳು ಹೇಳಬಹುದು, ಅಲ್ವಾ ತಾತ?" ಎಂದು ನನ್ನನ್ನೇ ನೋಡಿದಳು. ಹೊಳೆಯ ವಿಷಯದಲ್ಲಿ ಸೋತಿದ್ದ ನಾನು ಹೌದೆಂದೆ.

ಕುಣಿಗಲ್ ತುಮಕೂರಿನಿಂದ ಸುಮಾರು 36 ಕಿಲೋಮೀಟರ್. ಇಲ್ಲಿನ ಕೆರೆಯ ಮೇಲಿನ ಜನಪದ ಹಾಡು ಅಜ್ಜಿಯರಿಗೆಲ್ಲ ಗೊತ್ತು. ಏರಿಯ ಮೇಲೆ ಗಾಡಿ ನಿಲ್ಲಿಸಿ ಹಾಡಿಸಿ ನೋಡಿ, ಮಕ್ಕಳು ದಾರಿಯುದ್ದಕ್ಕೂ ಹಾಡುತ್ತಾರೆ. ಊರು ಕುದುರೆ ಫಾರಂಗೂ ಹೆಸರುವಾಸಿ. ಅಲ್ಲಿಂದ ಮುಂದೆ ಯಡಿಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ದರ್ಶನ ಮಾಡಿ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋದೆವು.

ಇಲ್ಲಿತ್ತು ನಮ್ಮ ಶಿಂಷಾ, ಕಣ್ಣಿಗೆ ಎಟುಕುವಷ್ಟೂ ನೀರಾಗಿ. ಕಡಬದ ಹತ್ತಿರ ಚಾಪೆಯಗಲ ಉಳಿದಿದ್ದ ಹೊಳೆ, ದಾರಿಯಲ್ಲಿ ಎಷ್ಟೋ ಹಳ್ಳಗಳನ್ನು ಕೂಡಿಸಿಕೊಂಡು ಇಲ್ಲಿ ತುಂಬಿಕೊಂಡಿತ್ತು. ಮೊಮ್ಮಗಳು ಮಾತಾಡದೆ ಕಂಬಿ ಹಿಡಿದು ನಿಂತಳು.

ಮೈಸೂರು ಅರಸರ ಕಾಲದ ಈ ಅಣೆಕಟ್ಟಿನ ವಿಶೇಷ ಅದರ ಸೈಫನ್. ಜಲಾಶಯ ತುಂಬಿದಾಗ ಯಾರೂ ಗೇಟು ಎತ್ತಬೇಕಿಲ್ಲ. ನೀರು ಒಂದು ಮಟ್ಟ ಮುಟ್ಟಿದೊಡನೆ ತಾನಾಗಿಯೇ ಹೊರಗೆ ಧುಮುಕುತ್ತದೆ, ಮಟ್ಟ ಇಳಿದಾಗ ತಾನಾಗಿಯೇ ನಿಲ್ಲುತ್ತದೆ.

ಮಕ್ಕಳೇ, ಹಳೆಯ ಮನೆಗಳಲ್ಲಿ ಇದ್ದ 'ವಾಸುದೇವನ ಬಟ್ಟಲು' ನೋಡಿದ್ದೀರಾ? ಬಟ್ಟಲಿನ ನಡುವೆ ಕೃಷ್ಣನನ್ನು ಹೊತ್ತ ವಸುದೇವ. ನೀರು ಸುರಿಯುತ್ತಾ ಹೋಗಿ, ಅದು ಮಗುವಿನ ಪಾದ ಮುಟ್ಟಿದ ಕೂಡಲೇ ಬಟ್ಟಲಿನ ನೀರೆಲ್ಲ ಕೆಳಗಿನಿಂದ ಹರಿದು ಖಾಲಿ! ಬೊಂಬೆಯೊಳಗೆ ಬಗ್ಗಿಸಿದ ಕೊಳವೆಯೊಂದು ಅಡಗಿರುತ್ತದೆ. ನೀರು ಆ ಬಾಗಿನ ತುದಿ ದಾಟಿ ಆಚೆ ಬೀಳತೊಡಗಿದರೆ ಹಿಂದಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಒಳಗೆ ಗಾಳಿ ಸೇರಿದಾಗ ನಿಲ್ಲುತ್ತದೆ. ಅಣೆಕಟ್ಟಿನ ಸೈಫನ್ ಕೆಲಸ ಮಾಡುವುದೂ ಇದೇ ರೀತಿ, ಗಾತ್ರ ಮಾತ್ರ ದೊಡ್ಡದು. ಮನೆಯಲ್ಲಿ ಎರಡು ಬಕೆಟ್, ಒಂದು ಪೈಪ್ ಇದ್ದರೆ ನೀವೂ ಮಾಡಿ ನೋಡಬಹುದು. ತುಂಬಿದ ಬಕೆಟ್ ಸ್ಟೂಲಿನ ಮೇಲಿರಲಿ, ಖಾಲಿಯದು ನೆಲದ ಮೇಲೆ. ಪೈಪನ್ನು ಪೂರ್ತಿ ನೀರು ತುಂಬಿಸಿ ಎರಡೂ ತುದಿ ಬೆರಳಿನಿಂದ ಮುಚ್ಚಿ, ಒಂದು ತುದಿಯನ್ನು ಮೇಲಿನ ಬಕೆಟ್ಟಿನ ನೀರಿನೊಳಗೂ ಇನ್ನೊಂದನ್ನು ಕೆಳಗಿನದಕ್ಕೂ ಇಳಿಸಿ ಬೆರಳು ತೆಗೆಯಿರಿ.

ಆದರೆ ಹಿರಿಯರೇ, ಈ ಮಾತನ್ನು ದಯವಿಟ್ಟು ಮರೆಯಬೇಡಿ. ಸೈಫನ್ ತಾನಾಗಿಯೇ ಶುರುವಾಗುತ್ತದೆ, ಯಾರನ್ನೂ ಕೇಳುವುದಿಲ್ಲ. ಅಣೆಕಟ್ಟಿನ ಕೆಳಗೆ ನೀರು ಕಡಿಮೆಯಿದೆ ಎಂದು ಇಳಿದವರು ಇದ್ದಕ್ಕಿದ್ದಂತೆ ಬಂದ ನೀರಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಿದ್ದಾರೆ. ಕೆಳಗೆ ಇಳಿಯಲೇಬೇಡಿ. ಮೇಲಿನಿಂದ ನೋಡಿ, ಅಷ್ಟು ಸಾಕು.

ಇಲ್ಲಿಂದ ಹೊಳೆ ಮದ್ದೂರಿಗೆ ಹೋಗುತ್ತದೆ. ಮದ್ದೂರು ವಡೆಯ ಊರು ಇರುವುದು ಶಿಂಷಾ ದಡದಲ್ಲೇ. ಹೆಜ್ಜಾರ್ಲೆಗಳು ಮನೆಯಂಗಳದ ಮರದಲ್ಲಿ ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರು ಕೂಡ ಈ ಹೊಳೆಯ ಸೀಮೆಯದೇ. "ಅದು ನಾಲ್ಕನೇ ಭಾನುವಾರ" ಎಂದು ಮೊಮ್ಮಗ ಆಗಲೇ ಹೇಳಿಬಿಟ್ಟಿದ್ದಾನೆ. ವಡೆಯ ಮಾತು ಬಂದಮೇಲೆ ಅವನನ್ನು ತಡೆಯುವವರಿಲ್ಲ.

ಹೊರಡುವವರಿಗೆ ನಾಲ್ಕು ಮಾತು

ಒಂದು ದಿನಕ್ಕೆ ಎರಡು ಮೂರು ಜಾಗ ಸಾಕು. ಮಂಡಿ ನೋವಿನವರು ಬೆಟ್ಟಕ್ಕೆ ಬೆಳಿಗ್ಗೆಯೇ ಹೋಗಿ, ಕೋಲು ಒಯ್ಯಿರಿ. ಮಾತ್ರೆ, ಕುಡಿಯುವ ನೀರು, ಟೋಪಿ ಚೀಲದಲ್ಲಿರಲಿ. ಕೋತಿಗಳ ಮುಂದೆ ತಿಂಡಿ ಬಿಚ್ಚಬೇಡಿ, ಕೊಡಲೂಬೇಡಿ. ಬುತ್ತಿ ಸ್ಟೀಲ್ ಡಬ್ಬಿಯಲ್ಲಿದ್ದರೆ ಬಿಸಾಡುವಂಥದ್ದೇ ಇರುವುದಿಲ್ಲ. ಇಂಗ್ಲೆಂಡಿನವರು ಹೊಲದ ಗೇಟು ಮುಚ್ಚಿ ಹೋಗುವ ಹಾಗೆ, ನಾವೂ ಹೋದ ಜಾಗವನ್ನು ಇದ್ದಂತೆಯೇ ಬಿಟ್ಟು ಬರೋಣ.

ಮುಖ್ಯವಾಗಿ, ದಾರಿಯಲ್ಲಿ ಹಿರಿಯರು ತಮ್ಮ ಬಾಲ್ಯದಲ್ಲಿ ಆ ಜಾಗ ಹೇಗಿತ್ತೆಂದು ಹೇಳಿ. ಮಕ್ಕಳು ಕೇಳಿದ್ದನ್ನು ಬರೆದಿಡಲಿ.

ನನ್ನ ಮೊಮ್ಮಗಳು ಹಾಗೇ ಮಾಡಿದಳು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದೇವರಾಯನದುರ್ಗದಿಂದ ಕಾವೇರಿಯವರೆಗೆ ನೀಲಿ ಪೆನ್ಸಿಲಿನಿಂದ ಗೆರೆ ಎಳೆದಳು. ಕಡಬದ ಹತ್ತಿರ ಒಂದು ಎತ್ತಿನ ಗಾಡಿ ಬರೆದು, 'ಇಲ್ಲಿ ನಮ್ಮ ಮುತ್ತಜ್ಜ ಎತ್ತಿಗೆ ನೀರು ಕುಡಿಸಿದರು' ಎಂದು ಬರೆದಳು. ಅಲ್ಲಿ ಮಾತ್ರ ಗೆರೆಯನ್ನು ಚುಕ್ಕಿ ಚುಕ್ಕಿಯಾಗಿ ಹಾಕಿದ್ದಳು. ಯಾಕೆಂದು ಕೇಳಿದ್ದಕ್ಕೆ, "ನೀರು ಬಂದ ಮೇಲೆ ತುಂಬ್ತೀನಿ" ಎಂದಳು.

ಮುಂದಿನ ಶನಿವಾರ ವಿಡಿಯೊ ಕಾಲ್‌ನಲ್ಲಿ ಆ ನಕ್ಷೆಯನ್ನು ಹಿಡಿದು ತೋರಿಸಿದಳು. "ನಿಮ್ಮ ಹೊಳೆ ಹುಟ್ಟೋ ಕಡೇನೂ ಕಲ್ಲು ನೆಟ್ಟಿದ್ದಾರಾ?" ಎಂದು ಕೇಳಿದ ಇಂಗ್ಲೆಂಡಿನವನು.

"ಕಲ್ಲಾ? ನಮ್ದು ಇಡೀ ಬೆಟ್ಟಾನೇ ಇದೆ. ನೀನು ಬಂದಾಗ ಹತ್ತಿಸ್ತೀನಿ. ತಾತನ್ನ ಮಾತ್ರ ನಿಧಾನಕ್ಕೆ ಕರ್ಕೊಂಡು ಹೋಗಬೇಕು" ಎಂದಳು.

ನೀವೂ ಈ ಭಾನುವಾರ ಮನೆಯಲ್ಲಿ ಕೇಳಿ ನೋಡಿ: ನಮ್ಮ ಮಾಳಿಗೆಯ ಮೇಲೆ ಬಿದ್ದ ಮಳೆ ಯಾವ ಹಳ್ಳಕ್ಕೆ, ಯಾವ ಕೆರೆಗೆ, ಯಾವ ಹೊಳೆಗೆ ಹೋಗುತ್ತದೆ? ತಾತ, ಅಜ್ಜಿ "ಇಲ್ಲ" ಎಂದರೆ ಒಂದು ರಾತ್ರಿ ಸಮಯ ಕೊಡಿ. ಬೆಳಗಾಗುವಷ್ಟರಲ್ಲಿ ನೆನಪಾಗಬಹುದು.